ಒಂಬತ್ತು ಮಿಲಿ

ಗುತ್ತಲು ರಸ್ತೆ, ಟೈಲ್ಸ್ ಅಂಗಡಿಯ ಹಿಂದಿನ ಶೆಡ್ಡು.
ಶನಿವಾರ ರಾತ್ರಿ ಹತ್ತೂಕಾಲು.
ಗಾಳಿ ತಿರುಗಿದಾಗಲೆಲ್ಲ ಕಾರ್ಖಾನೆಯ ಕಾಕಂಬಿ ವಾಸನೆ.
ಬೆಳಗಾದರೆ ಮೈಸೂರಿನಾಚೆ, ಒಂದು ಡಾಂಬರು ಅಂಗಳದಲ್ಲಿ
ಕಿತ್ತಳೆ ಕೋನುಗಳ ನಡುವೆ ನನ್ನ ಸರದಿ.

ಹಳೆಯ ಎಸ್ಟೀಮ್. ಸ್ಪ್ರಿಂಗ್ ಬದಲಿಸಿ
ಎರಡು ಬೆರಳು ನೆಲಕ್ಕಿಳಿಸಿದ್ದೇನೆ.
ರಸ್ತೆಯುಬ್ಬು ಬಂದರೆ ಓರೆಯಾಗಿ ಹತ್ತಿಸಬೇಕು,
ತುಂಬಿದ ಕೊಡ ಹೊತ್ತವಳು ಹೊಸ್ತಿಲು ದಾಟಿದ ಹಾಗೆ.
ಇಳಿಸಿದ್ದೇನೋ ಇಳಿಸಿದೆ.
ಕೆಳಗಿನ ತೋಳುಗಳು ಮೇಲೆದ್ದು, ಕಡ್ಡಿಗಳು ಎಳೆದಾಡಿ
ಮುಂದಿನ ಚಕ್ರಗಳೀಗ ಮದುವೆಗೆ ಬಂದ ದಾಯಾದಿಗಳು:
ಒಂದೇ ಪಂಕ್ತಿ, ಮುಖ ಮಾತ್ರ ಆ ಕಡೆಗೊಂದು ಈ ಕಡೆಗೊಂದು.

ಅಲೈನ್‌ಮೆಂಟ್ ಅಂಗಡಿಯ ಕಂಪ್ಯೂಟರಿಗೆ
ಇಷ್ಟು ಕುಳ್ಳು ಕಾರಿನ ಲೆಕ್ಕ ಹೇಳಿಕೊಟ್ಟಿಲ್ಲ ಯಾರೂ.
"ಬರೀ ಕೆಂಪು ತೋರಿಸ್ತದೆ ಮೇಡಂ" ಎಂದು ಕೈಚೆಲ್ಲಿದ ಹುಡುಗ.

ಅದಕ್ಕೇ ಅಪ್ಪನ ಚೀಲ.
ಗಾರೆ ಕೆಲಸದ ನೂಲುಂಡೆ, ಮಟ್ಟಗೋಲು,
ಹಿತ್ತಾಳೆಯ ತೂಕುಗುಂಡು. ಅದು ತಾತನದು,
ತುದಿ ಸವೆದು ಹುಣಸೆಬೀಜದ ಹಾಗೆ ಮೊಂಡು.

ಇಟ್ಟಿಗೆ ಪೇರಿಸಿ ನೂಲು ಬಿಗಿದೆವು
ಕಾರಿನ ಎರಡೂ ಪಕ್ಕ, ಚಕ್ರದ ನಡುಮಟ್ಟಕ್ಕೆ.
ನೂಲಿನ ಮೇಲೆ ಸೊಳ್ಳೆ ಕೂತರೂ ಅಪ್ಪನಿಗೆ ಗೊತ್ತಾಗುತ್ತದೆ.
ನಾನು ಕೂರುವ ಸೀಟಿನಲ್ಲಿ
ಒಂದು ಮೂಟೆ ಸಿಮೆಂಟು, ಬೆಲ್ಟು ಹಾಕಿ.
ಅದು ಐವತ್ತು ಕೆಜಿ, ನಾನು ಐವತ್ತೆರಡು.
ಹೆಲ್ಮೆಟ್ಟನ್ನೂ ಅದರ ತಲೆಗಿಟ್ಟು ಅಪ್ಪ ಅಂದ,
"ನಿನ್ಗಿಂತ ವಾಸಿ ಕಣವ್ವ. ಮಾತಾಡಕಿಲ್ಲ."

ಕಾಲುಸುತ್ತು ತಿರುಗಿಸು. ಜಾಕು ಇಳಿಸು.
ಆರಡಿ ಮುಂದೆ ತಳ್ಳು, ಆರಡಿ ಹಿಂದೆ.
ಬಾನೆಟ್ಟು ಅದುಮಿ ಅದುಮಿ ಕೂರಿಸು, ಆಮೇಲೆ ಅಳೆ.
ಎರಡೇ ಮಿಲಿ ಹೊರಮುಖ ಬೇಕು ನನಗೆ,
ಮೂಗು ಬೇಗ ತಿರುಗಲಿ ಎಂದು.
ಸಿಕ್ಕಿತು, ಹನ್ನೊಂದೂಮುಕ್ಕಾಲಿಗೆ.

ಆಮೇಲೆ ಗುಂಡು ಇಳಿಬಿಟ್ಟೆವು.
ಬಲಚಕ್ರದ ನೆತ್ತಿ ಒಂಬತ್ತು ಮಿಲಿ ಒಳಕ್ಕೆ.
ಎಡದ್ದು ನಾಲ್ಕೇ.
"ಎಡಗಡೇದು ಪರ್ವಾಗಿಲ್ಲ, ಬಲಗಡೇದ ನೆಟ್ಗೆ ಮಾಡು."
"ಇಲ್ಲಪ್ಪ, ಎಡಗಡೇದನ್ನೂ ವಾಲಿಸಬೇಕು."
ನಲವತ್ತು ವರ್ಷ ಒಂದು ಗೋಡೆಯೂ ಉಗುರಿನಷ್ಟು ವಾಲದವನು
ಮಗಳ ಮುಖವನ್ನೊಮ್ಮೆ, ಗುಂಡನ್ನೊಮ್ಮೆ ನೋಡಿದ.

ತಿರುವಿನಲ್ಲಿ ಭಾರವೆಲ್ಲ ಹೊರಚಕ್ರಕ್ಕೆ ಬರುತ್ತದೆ,
ಮೈ ಹೊರಳುತ್ತದೆ, ಚಕ್ರವೂ ಹೊರಳುತ್ತದೆ, ಎಂದು
ಅಂಗೈಯನ್ನೇ ಟೈರು ಮಾಡಿ ಇಟ್ಟಿಗೆಗೆ ಒತ್ತಿ ತೋರಿಸಿದೆ.
ಬೀಡಿ ಆರಿತು. ಇನ್ನೊಂದು ಹಚ್ಚಲಿಲ್ಲ.
"ಓ, ನಾಲೆ ಗ್ವಾಡೆ ಅನ್ನು.
ಮಣ್ಣು ತಳ್ತದೆ ಅಂತ ಗೊತ್ತಿದ್ರೆ
ಮೊದ್ಲೇ ಮಣ್ಣಿನ್ ಕಡೀಕೆ ವಾಲಿಸ್ಕಂಡ್ ಕಟ್ಟದು.
ನೆಟ್ಗೆ ನಿಲ್ಸುದ್ರೆ ಎಲ್ಡೇ ಮಳೇಗೆ ಹೊಟ್ಟೆ ಬುಡ್ತದೆ."

ಅರ ತಗೊಂಡು ಬೋಲ್ಟಿನ ತೂತನ್ನು ತಾನೇ ಉದ್ದ ಮಾಡಿದ.
ಆರು. ಏಳೂವರೆ.
ಗುಂಡಿನ ಓಲಾಟ ನಿಲ್ಲಲಿ ಎಂದು ಇಬ್ಬರೂ ಉಸಿರು ಹಿಡಿದೆವು.
ಒಂಬತ್ತು.
ಅಷ್ಟರಲ್ಲಿ ನೂಲಿನ ಲೆಕ್ಕವೆಲ್ಲ ಕೆಟ್ಟಿತ್ತು.
ಗುಂಡಿನದು ಮೊದಲು, ನೂಲಿನದು ಆಮೇಲೆ ಆಗಬೇಕಿತ್ತು;
ಗೊತ್ತಿದ್ದೂ ಮರೆತಿದ್ದೆ. ಅಪ್ಪ ಬೈಯಲಿಲ್ಲ.
ನೂಲು ಬಿಚ್ಚಿ ಮತ್ತೆ ಉಂಡೆ ಸುತ್ತತೊಡಗಿದ.

ಮೈಕಿನಲ್ಲಿ "ಮಂಡ್ಯದ ಬಿ. ಹೊಂಬಾಳಮ್ಮ" ಎಂದಾಗ
ಒಂದಿಬ್ಬರು ನಕ್ಕರು. ಅಜ್ಜಿಯ ಹೆಸರು, ಏನು ಮಾಡಲಿ.
ಒಂದು ಕೋನು ಬೀಳಿಸಿದೆ.
ಹನ್ನೊಂದು ಜನರಲ್ಲಿ ಐದನೆಯವಳು.

ಇಳಿದು ನೋಡಿದರೆ ಅಪ್ಪ ಕುಕ್ಕರುಗಾಲಲ್ಲಿ,
ಟೈರಿನ ಮೇಲೆ ಅಂಗೈ:
ಒಳಗೆ, ನಡುವೆ, ಹೊರಗೆ,
ಗಾರೆ ಒಣಗಿತೇ ಎಂದು ನೋಡುವ ಅದೇ ಅಂಗೈ.
"ಬಲಗಡೇದು ಮೂರ್ ತಾವೂ ಒಂದೇ ಬಿಸಿ.
ಎಡಗಡೇದು ಹೊರಗ್ಲಂಚು ಸುಡ್ತದೆ.
ಇನ್ನೊಂದ್ ಮಿಲಿ ವಾಲಿಸ್ಬೋದಿತ್ತು ಕಣವ್ವ."

ವಾಪಸು ಬರುವಾಗ ಶ್ರೀರಂಗಪಟ್ಟಣದ ಹತ್ತಿರ ನಿದ್ದೆ ಹೋದ.
ತೂಕುಗುಂಡು ಅಂಗಿಯ ಜೇಬಿನಲ್ಲಿ, ಜೇಬು ಜೋತು.
ಸಿಮೆಂಟು ಮೂಟೆ ಹಿಂದಿನ ಸೀಟಿಗೆ ಬಂದಿತ್ತು,
ಸೋಮವಾರ ಯಾರದೋ ಕಾಂಪೌಂಡಿಗೆ ಬೇಕು ಅದು.
ಅಲ್ಲೂ ಬೆಲ್ಟು ಹಾಕಿದ್ದ.