ಜಾಗ: ಹೈಸ್ಕೂಲ್ ಮೈದಾನ

ಮೊದಲು ಜಾಗ ಗೊತ್ತಾಗಬೇಕು, ಅಂದ ಮರುಳಸಿದ್ಧ.
ಜಾಗವಿಲ್ಲದ ಕಾಳಗ ಕಾಳಗವೇ ಅಲ್ಲ.
ಹೈಸ್ಕೂಲ್ ಮೈದಾನ ಅಂತಾಯಿತು.
ದಾವಣಗೆರೆಯಲ್ಲಿ ಅಷ್ಟು ಬಯಲು ಬೇರೆಲ್ಲಿದೆ,
ಎರಡು ಲೋಕ ನುಂಗಿದವನು ಕಾಲು ಚಾಚಲಿಕ್ಕೆ?

ಈ ಕಡೆ ಕಬ್ಬಿಣಮೋರೆ. ಹದಿನಾರು ಕೈ,
ಒಂದೊಂದರಲ್ಲೂ ಒಂದೊಂದು ಊರಿನ ಬೀಗ.
ಆ ಕಡೆ ತಿಂಗಳರಾಣಿ: ರೆಪ್ಪೆ ಮುಚ್ಚಿದರೆ
ಕಾಲ ನಿಲ್ಲುತ್ತದೆ, ತೆರೆದರೆ ನೀನಿರುವುದಿಲ್ಲ.
ಮದ್ದಿನ ಸೀಸೆ ಇಲ್ಲ, ಕಳ್ಳದಾರಿ ಇಲ್ಲ,
ಸತ್ತವರಿಗೆ ಇನ್ನೊಂದು ಲೈಫ್ ಇಲ್ಲ.

ಮಂಡಕ್ಕಿ ಭಟ್ಟಿಯ ಬೆಚ್ಚನೆ ಗೋಡೆಗೆ
ಒರಗಿ ಕೂತಿದ್ದೆವು ಮೂವರು.
ಪೇಪರಿನ ಮೇಲೆ ಖಾರ ಮಂಡಕ್ಕಿ, ನಾಲ್ಕು ಮಿರ್ಚಿ.
ನಾಲ್ಕನೆಯದು ಗೆದ್ದವನಿಗೆ.

ನಾನು ರಾಣಿಯ ಕಡೆ.
'ಅವನು ಕೈ ಎತ್ತೋದರೊಳಗೆ ಇವಳು ರೆಪ್ಪೆ ಮುಚ್ಚಿರ್ತಾಳೆ.'
'ಮುಚ್ಚಲಿ ಬಿಡಲೇ,' ಅಂದ ಸಿದ್ಧ,
'ಕಾಲ ನಿಲ್ಲೋದು ಏನು ಮಹಾ?
ಅಶೋಕ ರಸ್ತೆ ರೈಲ್ವೆ ಗೇಟು ಹಾಕಿದ್ರೆ ದಿನಾ ನಿಲ್ತೈತಿ.
ನಮ್ಮಪ್ಪ ಸ್ಕೂಟರ್ ಮೇಲೇ
ಪೇಪರ್ ಓದಿ ಮುಗಿಸ್ತಾನೆ.'

ದಾದಾಪೀರ್ ಮಾತಾಡಲಿಲ್ಲ.
ಒಳಗೆ ಅವನ ಅಬ್ಬಾ ಕಾದ ಮರಳಿಗೆ ಅಕ್ಕಿ ಸುರಿದರು.
ಚಟಪಟ ಚಟಪಟ,
ಒಂದು ಸೈನ್ಯ ಒಮ್ಮೆಗೇ ಬಿಳಿ ಬಾವುಟ ಎತ್ತಿದ ಹಾಗೆ.

'ನಮ್ಮವನ ಉಸಿರಿಗೆ ಗ್ರಹವೇ ಸುಡ್ತೈತಿ!'
'ಎಷ್ಟು ಬಿಸಿ?' ಅಂದ ದಾದಾಪೀರ್, ಮೊದಲ ಸಲ.
'ಹಂಗಂದ್ರೆ?'
'ಮರಳು ಕಾಯೋವಷ್ಟೋ, ಬಾಣಲೆ ಕೆಂಪಾಗೋವಷ್ಟೋ?
ಕೆಂಪಾದ್ರೆ ಎಲ್ಲಾ ಕರಕಲು. ಒಂದು ಕಾಳೂ ಅರಳಲ್ಲ.
ಜಾಸ್ತಿ ಬಿಸಿ ಅಂದ್ರೆ ಜಾಸ್ತಿ ಬಲ ಅಲ್ಲಲೇ.'

ಇದಕ್ಕೆ ನಮ್ಮಿಬ್ಬರಲ್ಲೂ ಉತ್ತರವಿರಲಿಲ್ಲ.
ಸಂದು ನೋಡಿ ನಾನು ಇರಿದೆ:
'ಅವನ ಎದೆಗೂಡಿಗೆ ಒಂದು ಬಾಗಿಲೈತಲ್ಲ,
ಎಡಕ್ಕೋ ಬಲಕ್ಕೋ?'
ಸಿದ್ಧ ಮಿರ್ಚಿಯ ತೊಟ್ಟು ನೋಡುತ್ತಾ ಕೂತ.

'ನೋಡಿಲ್ಲ,' ಅಂದ ಕೊನೆಗೆ.
'ಹನ್ನೊಂದನೇ ಮಹಡಿ ದಾಟೇ ಇಲ್ಲ ನಾನು.
ಗಂಟೆಗೆ ಇಪ್ಪತ್ತು ರೂಪಾಯಿ. ಮೆಟ್ಟಿಲು ಸಿಗೋ ಹೊತ್ತಿಗೆ
ಪಾರ್ಲರಿನವನು ಸ್ವಿಚ್ಚು ಆರಿಸ್ತಾನೆ.'

ಎರಡು ವರ್ಷ ಅವನ ಪರವಾಗಿ ಹೊಡೆದಾಡಿದ್ದ,
ಅಂಗಿಯ ಗುಂಡಿ ಕಿತ್ತುಕೊಂಡಿದ್ದ,
ಒಮ್ಮೆಯೂ ಮುಖ ಕಾಣದೆ.
ನಾನು ನಗಬಹುದಿತ್ತು.
ರಾಣಿಯನ್ನು ನಾನು ಕಂಡಿದ್ದು
ಸೀಡಿ ಡಬ್ಬಿಯ ಮೇಲೆ, ಅದೂ ಅರ್ಧ,
ಉಳಿದರ್ಧದ ಮೇಲೆ ಬೆಲೆಯ ಚೀಟಿ.

'ಹಂಗಾದ್ರೆ ಅವನು ಅಲ್ಲೇ ನಿಂತಿದಾನಾ ಇನ್ನೂ?'
ದಾದಾಪೀರನಿಗೆ ಅದೇ ಚಿಂತೆ.
'ಕೊನೇ ಕೋಣೇಲಿ ಒಂದು ಕುರ್ಚಿನೂ ಇಲ್ವಾ?
ಹದಿನಾರು ಕೈ ಎತ್ಕೊಂಡು
ಎಷ್ಟೊತ್ತು ಕಾಯ್ತಾನೋ ಪಾಪ.'

ಒಳಗಿಂದ ಅಬ್ಬಾ ಕೂಗಿದರು.
ಎದ್ದು ನಿಂತು, ಪ್ಯಾಂಟಿನ ಬೂದಿ ಕೊಡವಿ,
ತಣ್ಣಗಾಗಿದ್ದ ನಾಲ್ಕನೇ ಮಿರ್ಚಿ
ಅವನೇ ತಿಂದುಕೊಂಡು ಹೋದ.
ಯಾರೂ ತಕರಾರು ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಟ್ಯೂಷನ್ನಿಗೆ ತಡವಾಗಿತ್ತು.
ಆದರೂ ಹೈಸ್ಕೂಲ್ ಮೈದಾನದಲ್ಲಿ
ನಡುವಿನ ಜಾಗ ಬಿಟ್ಟು
ಅಂಚಿನಗುಂಟ ಸೈಕಲ್ ತುಳಿದೆ.
ಇಬ್ಬರು ಅಲ್ಲಿಗೆ ಬರುವುದಿತ್ತು.