ಮೂರನೆಯ ಜಾಗ

ಉಪ್ಪಿನ ಗಣಿ ವರ್ಲಿನ್‌ನನ್ನು ಮನೆಗೆ ಕಳಿಸಿದ ವರ್ಷ
ನಾವೊಂದು ಟ್ರೇಲರ್ ಕೊಂಡೆವು.
ಮೂರು ಕಾರು ಹೊರುವ ಉದ್ದನೆ ಕಬ್ಬಿಣದ ಬೆನ್ನು,
ಎಳೆಯಲಿಕ್ಕೆ ಯಾರೋ ಬಳಸಿ ಬಿಟ್ಟ ಬಿಳಿ ಪಿಕಪ್ಪು.
ಬ್ಯಾಂಕಿನವಳು ಕೇಳಿದಳು, "ಲೋಡು ಎಲ್ಲಿಂದ ಬರುತ್ತೆ?"
ಇವನು ನನ್ನ ಮುಖ ನೋಡಿದ.
"ಬರುತ್ತೆ" ಅಂದೆ ನಾನು.
ಅಂದ ತಪ್ಪಿಗೆ ಅಡುಗೆಮನೆ ಮೇಜು ಆಫೀಸಾಯಿತು.

ಬಾಗಿಲ ಮೇಲೆ ಬರೆಸಲಿಕ್ಕೆ ನಂಬರು ಬೇಕು,
ನಂಬರಿನ ಬೆನ್ನಿಗೆ ವಿಮೆ ಬೇಕು.
ವಿಮೆಯವನು ಹೇಳಿದ ಮೊತ್ತ ಕೇಳುತ್ತ ನಿಂತಾಗ
ಒಲೆ ಮೇಲಿನ ಸೂಪು ತಳ ಹಿಡಿಯಿತು.
ಹೊಸಬರಿಗೆ ಯಾರೂ ಲೋಡು ಕೊಡರು;
ಲೋಡು ಹೊರದೆ ಹಳಬರಾಗುವ ಬಗೆ
ಯಾರೂ ಹೇಳರು.

ಪರದೆಯ ಮೇಲೆ ಪಟ್ಟಿ, ನೋಡುನೋಡುತ್ತ ಮಾಯ:
ವಿಚಿತಾದಿಂದ ಟಲ್ಸಾಕ್ಕೆ ಎರಡು ಸೆಡಾನು,
ಫೋನೆತ್ತುವಷ್ಟರಲ್ಲಿ ಯಾರದೋ ಪಾಲು.
ಡಾಡ್ಜ್ ಸಿಟಿಯಿಂದ ಒಂದು ವ್ಯಾನು,
ಎಂಜಿನ್ ಸತ್ತಿದೆ, ಚಕ್ರ ಉರುಳುತ್ತೆ.
"ಎಷ್ಟು ವರ್ಷದ ಅನುಭವ?" ಕೇಳುತ್ತಾನೆ ದಲ್ಲಾಳಿ.
"ಮೂರು ವಾರ" ಅಂದರೆ ಲೈನು ತಣ್ಣಗೆ.
ಆಮೇಲೆ ಕಲಿತೆ:
"ನನ್ನ ಗಂಡ ಇಪ್ಪತ್ತೆರಡು ವರ್ಷ
ಆರುನೂರು ಅಡಿ ಆಳದ ಕತ್ತಲಲ್ಲಿ ಲಾರಿ ಓಡಿಸಿದವನು,
ಒಂದು ಗೀರು ಬಿದ್ದಿಲ್ಲ."
ಮುಕ್ಕಾಲು ನಿಜ.

ಮೊದಲ ಲೋಡು ಅಮರಿಲೊಗೆ, ಎರಡೇ ಕಾರು,
ಮೈಲಿಗೆ ತಲಾ ಅರವತ್ತು ಸೆಂಟು.
ಮೂರನೆಯ ಜಾಗದಲ್ಲಿ ಗಾಳಿ ಹೊತ್ತುಕೊಂಡು ಹೋದ,
ವಾಪಸು ಬರುವಾಗ ಮೂರರಲ್ಲೂ ಗಾಳಿ.
ತುಂಬಿದ್ದು ತುಳುಕುವುದಿಲ್ಲ; ಖಾಲಿಯದೇ ಗದ್ದಲ:
ಸರಪಳಿ, ಕೊಕ್ಕೆ, ಸಡಿಲ ಪಟ್ಟಿ, ಇಳಿಜಾರಿನ ಹಲಗೆ.
ಬೀದಿಯ ತುದಿಯಲ್ಲೇ ನನಗೆ ಕೇಳುತ್ತಿತ್ತು
ಈ ಸಲ ಎಷ್ಟು ಉಳಿದಿದೆಯೆಂದು.

ನವೆಂಬರಿನಲ್ಲಿ ಗ್ರೇಟ್ ಬೆಂಡ್ ಹತ್ತಿರ ಒಂದು ಅಂಗಳ ಸಿಕ್ಕಿತು.
ಕಂತು ತಪ್ಪಿದವರ ಕಾರುಗಳು,
ರಾತ್ರೋರಾತ್ರಿ ಎಳೆದು ತಂದವು.
ಹರಾಜಿಗೆ ಮುಟ್ಟಿಸಬೇಕು, ವಾರಕ್ಕೆ ಮೂರು, ಖಾತರಿ,
ದುಡ್ಡು ಎರಡೇ ದಿನಕ್ಕೆ.
ಕೂತ ಕುರ್ಚಿಯಲ್ಲೇ ಕುಣಿದೆ ನಾನು.
ಹಿಂದಿನ ಸೀಟಿನಲ್ಲಿ ಮಗುವಿನ ಕುರ್ಚಿ,
ಕಪ್ಪಿನಲ್ಲಿ ಅರ್ಧ ಕುಡಿದ ಕೋಲಾ:
ಅವನು ಹೇಳುತ್ತಿದ್ದ, ನಾನು ಬಿಲ್ಲು ಬರೆಯುತ್ತಿದ್ದೆ.

ನಾಲ್ಕನೆಯ ವಾರ ಅಂಗಳದಿಂದ ಫೋನು.
"ಕಾರ್ಲೀನ್, ಮೂರನೆಯದು ಹಸಿರು ಬ್ಯೂಕ್.
ಗಾಜಿನ ಮೇಲೆ ನಮ್ಮ ಬೋಲಿಂಗ್ ತಂಡದ ಚೀಟಿ.
ಗೇಲನ್ ಶ್ರಾಗ್‌ನದು."
ಆಮೇಲೆ ಬರೀ ಗಾಳಿ, ಕ್ಯಾನ್ಸಸ್ಸಿನದು, ಒಂದೇ ಸಮ.
ನಾವು ಬಿಟ್ಟರೆ ಇನ್ನೊಬ್ಬ ಹೊರುತ್ತಾನೆ,
ನಾಲಿಗೆ ತುದಿಗೆ ಬಂತು;
ಕಳ್ಳರೂ ಅದನ್ನೇ ಹೇಳುತ್ತಾರೆಂದು ನುಂಗಿದೆ.
ಗೋಡೆಯ ಕ್ಯಾಲೆಂಡರಿನಲ್ಲಿ
ನಮ್ಮ ಕಂತಿನ ತಾರೀಕು, ಸುತ್ತ ಕೆಂಪು ಗೆರೆ.

"ಹಾಳೆ ತುಂಬುತ್ತಿದ್ದೇನೆ," ಅಂದ.
"ಎಡ ಬಾಗಿಲಲ್ಲಿ ತಗ್ಗು, ಹಳೆಯದು.
ಗಣಿಯ ಪಾರ್ಕಿಂಗಿನಲ್ಲಿ ನಾನೇ ಗುದ್ದಿದ್ದು.
ಅವತ್ತು ಅವನು ಒಂದು ಕಾಸು ಕೇಳಲಿಲ್ಲ."
ಹಾಳೆಯಲ್ಲಿ ತಗ್ಗಿಗೊಂದು ಗುರುತು ಹಾಕಬಹುದು,
ಇದನ್ನು ಬರೆಯಲು ಕಾಲಂ ಇಲ್ಲ.
ಪಟ್ಟಿ ಬಿಗಿಯುವ ಸದ್ದು ಕೇಳಿಸಿತು,
ಕಟಕಟ, ಒಂದೊಂದೇ ಹಲ್ಲು,
ಯಾವತ್ತಿಗಿಂತ ನಿಧಾನ.

ದುಡ್ಡು ಎರಡೇ ದಿನಕ್ಕೆ ಬಂತು.

ಫೆಬ್ರವರಿಯಲ್ಲಿ ಗೇಲನ್ನೇ ಫೋನು ಮಾಡಿದ.
ಗಾರ್ಡನ್ ಸಿಟಿಯಲ್ಲಿ ತಂಗಿ ಒಂದು ಹಳೇ ಕಾರು ಕೊಡುತ್ತಾಳಂತೆ,
ನಾಲ್ಕು ಗಾಲಿ ಇದೆ, ಅಷ್ಟು ಸಾಕಂತೆ.
"ವರ್ಲಿನ್ ಈಗ ಕಾರು ಹೊರುತ್ತಾನಂತಲ್ಲ.
ಮೈಲಿಗೆ ಎಷ್ಟು?"
ದನಿಯಲ್ಲಿ ಏನೂ ಇರಲಿಲ್ಲ, ಅಥವಾ ಎಲ್ಲ ಇತ್ತು.
"ಒಂದ್ನಿಮಿಷ, ಲೆಕ್ಕ ಹಾಕ್ತೇನೆ" ಅಂದು
ಮೇಜೆಲ್ಲ ತಡಕಾಡಿ ಪೆನ್ಸಿಲು ಹುಡುಕಿದೆ,
ಬಹಳ ಹೊತ್ತು.
ಅದು ಕೈಯಲ್ಲೇ ಇತ್ತು.