ನಕ್ಷಾಕ್ಕ ಬಣ್ಣ

ಹಳದಿ ಅಂದ್ರ ಮನಿ, ನೀಲಿ ಅಂದ್ರ ಅಂಗಡಿ.
ಇಷ್ಟ ಹೇಳಿ ಸಾಹೇಬ್ರು ಜೀಪ ಹತ್ತಿದ್ರು.
ಸೇಡಂನ ಹಳಿ ಬಜಾರ ಮೇಜಿನ ಮ್ಯಾಲ ಹಾಸಿಕೊಂಡು
ನಾ ಬ್ರಷ್ ಅದ್ದಿದೆ.

ಮೊದಲ ಬಂದದ್ದು ಜಗದೇವಿ ಗಿರಣಿ.
ಬೀಸೂದು ಮುಂದ, ಮಲಗೂದು ಹಿಂದ,
ನಡುವ ಗೋಣಿಚೀಲದ ಪರದೆ.
ಮಧ್ಯಾಹ್ನ ಕರೆಂಟ್ ಹೋತಂದ್ರ
ಜ್ವಾಳದ ಡಬ್ಬಿ ತಂದವರೂ ಅಲ್ಲೇ ಅಡ್ಡಾಗತಾರ.
ಹಳದಿನೋ, ನೀಲಿನೋ?

ಖಾಜಾಬಿ ಕಿಡಕ್ಯಾಗ ಕುಂತು ಕುಪ್ಪಸ ಹೊಲೀತಾಳ.
ಖೋಲಿ ಹಳದಿ, ಕಿಡಕಿ ನೀಲಿ ಅನ್ನೂಣಂದ್ರ
ನಕ್ಷಾದಾಗ ಆ ಕಿಡಕಿ
ಬ್ರಷ್ಷಿನ ಒಂದು ಕೂದಲಕ್ಕಿಂತ ಸಣ್ಣದು.

ಆಮ್ಯಾಲ ಕಟ್ಟಿ.
ಮನಿಗೂ ರಸ್ತಾಕ್ಕೂ ನಡುವ ಎರಡು ಮೊಳ ಪರ್ಸಿಕಲ್ಲು.
ಅಳತಿ ಪುಸ್ತಕದಾಗ ಅದರ ಹೆಸರು ಒತ್ತುವರಿ.
ಅದರ ಮ್ಯಾಲ ಕುಂತೇ ನಮ್ಮಪ್ಪ
ಊರಿನ ಅರ್ಧ ಜಗಳ ಬಗಿಹರಿಸಿದ್ದ,
ಉಳಿದರ್ಧ ಹಚ್ಚಿದ್ದ.

ಊರು ಹಿಂಗೇ ಇರಲಿ ಅನ್ನಾಂವ ನಾ ಅಲ್ಲ.
ಜೋರು ಮಳಿ ಬಂದ್ರ ಗಟಾರದ ನೀರು ಒಲಿ ತನಕ ಬರತದ.
ತಂಗಿಗಿ ಬ್ಯಾನಿ ಹತ್ತಿದ ರಾತ್ರಿ
ಗಲ್ಲಿಯೊಳಗ ಆಟೋ ಹಿಡಿಸಲಿಲ್ಲ,
ಹೊರಸಿನ ಮ್ಯಾಲ ಹೊತ್ತೊಯ್ದೀವಿ.
ರಸ್ತಾ ಬೇಕ್ರಿ, ಅರವತ್ತು ಫೂಟೇ ಇರಲಿ ಅಂದೆ ಆವತ್ತು.
ಖರೇ ಹೇಳಬೇಕಂದ್ರ
ಹೊರಸಿನ ನಾಕು ಮೂಲಿ ಹಿಡದವರು
ಕಟ್ಟಿ ಮ್ಯಾಲ ಕುಂತಿದ್ದವರೇ.

ಹೊತ್ತು ಇಳೀತು, ಬಟ್ಟಲದಾಗ ಬಣ್ಣ ಒಣಗಾಕ ಹತ್ತಿತು.
ಏನಾರ ಆಗಲಿ ಅಂತ
ಹಳದ್ಯಾಗ ನೀಲಿ ಕಲಸಿ
ಗಿರಣಿ, ಕಿಡಕಿ, ಕಟ್ಟಿ ಎಲ್ಲಾ ಒಂದೇ ಎಳತಕ್ಕ ಬಳದುಬಿಟ್ಟೆ.

ಸಾಹೇಬ್ರು ಬಂದು ಚಷ್ಮಾ ಏರಿಸಿ ಬಗ್ಗಿದ್ರು.
'ಹಸಿರು! ಇಷ್ಟು ದೊಡ್ಡ ಪಾರ್ಕು
ನಟ್ಟನಡು ಬಜಾರದಾಗ
ಎಲ್ಲಿಂದ ಬಂತಲೇ ಭೀಮಶಾ?'